ತಾಯಿ ಕಾರ್ಡಿನೊಳಗಿನ 3.1

ನಮ್ಮ ಕಡೆ ಬಸುರಿಯ ತಾಯಿ ಕಾರ್ಡು ಬಿಡಿಸಿದರೆ ಲ್ಯಾಬಿನ ಚೀಟಿಯೊಂದು ನಾಲ್ಕು ಮಡಿಕೆಯಾಗಿ ಕೆಳಗೆ ಬೀಳುತ್ತದೆ. ಹಿಮೋಗ್ಲೋಬಿನ್, ಸಕ್ಕರೆ, ರಕ್ತದ ಗುಂಪು, ಕೊನೆಗೆ ಟಿಎಸ್‌ಎಚ್. ಕಡಬದ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ತೋರಿಸಿದ ಚೀಟಿಯಲ್ಲಿ ಅದು 3.1 ಇತ್ತು, ಸುತ್ತ ಪೆನ್ನಿನಲ್ಲಿ ಒಂದು ಉರುಟು ಗೆರೆ. ಜೊತೆಗಿದ್ದ ಅವಳ ಅತ್ತೆ ತಗ್ಗಿದ ದನಿಯಲ್ಲಿ ಕೇಳಿದರು: "ಮಗುವಿನ ಬುದ್ಧಿಗೆ ಪೆಟ್ಟು ಬೀಳ್ತದಂತೆ, ಹೌದಾ?"

ಥೈರಾಯ್ಡ್ ಇನ್ನಷ್ಟು ದುಡಿಯಲಿ ಎಂದು ಪಿಟ್ಯುಟರಿ ಗ್ರಂಥಿ ಕಳಿಸುವ ತಾಕೀತು ಈ ಟಿಎಸ್‌ಎಚ್. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು (ಟಿ4) ಸರಿಯಾಗಿದ್ದು ತಾಕೀತು ಮಾತ್ರ ಜೋರಾಗಿದ್ದರೆ ಅದು ಸೌಮ್ಯ ಕೊರತೆ. ಎಷ್ಟಾದರೆ ಜೋರು? ಅಮೆರಿಕದ ಥೈರಾಯ್ಡ್ ತಜ್ಞರ ಸಂಘ 2011ರಲ್ಲಿ ಮೊದಲ ಮೂರು ತಿಂಗಳಿಗೆ 2.5, ಆಮೇಲೆ 3 ಎಂದಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಅದೇ ಗೆರೆಯನ್ನು ಎತ್ತಿಕೊಂಡಿತು. ಆದರೆ ಪರೀಕ್ಷೆ ಎಲ್ಲ ಬಸುರಿಯರಿಗಲ್ಲ, ಅಪಾಯದ ಸಂಭವ ಹೆಚ್ಚಿರುವವರಿಗೆ ಎಂದೂ ಅದರಲ್ಲಿತ್ತು. ರೂಢಿಯಲ್ಲಿ ಗೆರೆ ಉಳಿಯಿತು, ಈ ಮಾತು ಬಿದ್ದುಹೋಯಿತು. ಗೆರೆ ಹಾಕಿದ ಅಮೆರಿಕದ ಸಂಘವೇ 2017ರಲ್ಲಿ, ಆಯಾ ಊರಿನ ಅಳತೆ ಇಲ್ಲದಿದ್ದರೆ 4ರವರೆಗೆ ಹೋಗಬಹುದು ಎಂದು ಸಡಿಲಿಸಿತು. ಅದಕ್ಕೂ ಮೊದಲು, 2008ರಲ್ಲಿ, ದೆಹಲಿಯ ವೈದ್ಯರು ಆರೋಗ್ಯವಂತ ಬಸುರಿಯರನ್ನು ಅಳೆದು ಮೊದಲ ಮೂರು ತಿಂಗಳಲ್ಲಿ 5ರವರೆಗೂ ಸಹಜ ಎಂದು ಕಂಡಿದ್ದರು. ಪುತ್ತೂರಿನ ಬಸುರಿಗೆ ಯಾವ ಅಳತೆ? ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜೇ ಇರುವಾಗ ಕಡಬ, ಪುತ್ತೂರು, ಸುಳ್ಯ ತಾಲೂಕಿನ ಹೆಂಗಸರದ್ದೇ ಅಳತೆಯಿಂದ ಗೆರೆ ಎಳೆಯುವುದು ಆಗದ ಕೆಲಸವೇನಲ್ಲ.

ಅತ್ತೆಯವರ ಭಯಕ್ಕೂ ಒಂದು ಮೂಲವಿದೆ. 1999ರ ಅಮೆರಿಕದ ಅಧ್ಯಯನವೊಂದರಲ್ಲಿ, ಥೈರಾಯ್ಡ್ ಕೊರತೆಗೆ ಚಿಕಿತ್ಸೆ ಸಿಗದ ತಾಯಂದಿರ ಮಕ್ಕಳ ಬುದ್ಧಿಮತ್ತೆ ಸರಾಸರಿ 7 ಅಂಕ ಕಡಿಮೆ ಬಂತು. ಆದರೆ ಆ ತಾಯಂದಿರ ಟಿಎಸ್‌ಎಚ್ ಬಹಳ ಮೇಲಿತ್ತು, 3.1ರ ಲೆಕ್ಕದ್ದಲ್ಲ. ಆಮೇಲಿನ ಇನ್ನೊಂದು ಅಧ್ಯಯನದಲ್ಲಿ, ಸೌಮ್ಯ ಕೊರತೆಯ 677 ತಾಯಂದಿರಲ್ಲಿ ಕೆಲವರಿಗೆ ಔಷಧ, ಉಳಿದವರಿಗೆ ಬರೀ ತೋರಿಕೆಯ ಮಾತ್ರೆ ಕೊಟ್ಟು, ಮಕ್ಕಳಿಗೆ 5 ವರ್ಷ ತುಂಬಿದಾಗ ನೋಡಿದರು. 2017ರಲ್ಲಿ ಬಂದ ಫಲಿತಾಂಶ: ಒಂದು ಕಡೆ 97, ಇನ್ನೊಂದು ಕಡೆ 94. ಸಂಖ್ಯಾಶಾಸ್ತ್ರದ ಪ್ರಕಾರ ಅದು ವ್ಯತ್ಯಾಸವೇ ಅಲ್ಲ. ಇದರಲ್ಲೂ ಒಂದು ಕೊಂಕು ತೆಗೆಯಬಹುದು. ಮಾತ್ರೆ ಶುರುವಾದದ್ದು ಸರಾಸರಿ ಹದಿನೇಳನೆಯ ವಾರದ ಹೊತ್ತಿಗೆ. ಭ್ರೂಣ ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುವ ಮೊದಲ ಹನ್ನೆರಡು ವಾರ ಆಗಲೇ ಕಳೆದಿತ್ತು. ಅವಧಿಗೆ ಮುಂಚಿನ ಹೆರಿಗೆಯ ವಿಷಯದಲ್ಲಿ ಮಾತ್ರ ಸಣ್ಣ ವ್ಯತ್ಯಾಸ ಕಾಣುತ್ತದೆ: 47,000ಕ್ಕೂ ಹೆಚ್ಚು ಬಸುರಿಯರ ಮಾಹಿತಿ ಕೂಡಿಸಿದ 2019ರ ವಿಶ್ಲೇಷಣೆಯಲ್ಲಿ ಸೌಮ್ಯ ಕೊರತೆಯವರಲ್ಲಿ ನೂರಕ್ಕೆ 6.1, ಇಲ್ಲದವರಲ್ಲಿ 5.

ಹಾಗಾಗಿ ಟಿಎಸ್‌ಎಚ್ 10 ದಾಟಿದರೆ ಮಾತ್ರೆ ಬೇಕೇ ಬೇಕು. 4ರ ಆಸುಪಾಸಿನಲ್ಲಿ ಥೈರಾಯ್ಡಿನ ವಿರುದ್ಧ ದೇಹವೇ ತಯಾರಿಸುವ ಟಿಪಿಒ ಪ್ರತಿಕಾಯವನ್ನೂ ನೋಡಿ ತೀರ್ಮಾನಿಸುವುದು ಲೇಸು. 3.1 ಕಂಡು ಮನೆಯವರ ನಿದ್ದೆಗೆಡಿಸಬೇಕಾಗಿಲ್ಲ. ಇದನ್ನು ಓದಿ ಯಾರೂ ನುಂಗುತ್ತಿರುವ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಅದು ವೈದ್ಯರೊಂದಿಗೆ ಕೂತು ಆಡಬೇಕಾದ ಮಾತು.

ಬರೆದುಕೊಟ್ಟ ಮಾತ್ರೆ ಮನೆಯಲ್ಲಿ ಏನಾಗುತ್ತದೆ ಎಂದೂ ಯಾರೂ ಕೇಳುವುದಿಲ್ಲ. ಆ ಹುಡುಗಿ ಬೆಳಿಗ್ಗೆ ಕಾಫಿ ಲೋಟದ ಪಕ್ಕ ಮೂರು ಮಾತ್ರೆ ಸಾಲಾಗಿಟ್ಟು ಒಟ್ಟಿಗೇ ನುಂಗುತ್ತಿದ್ದಳು: ಥೈರಾಯ್ಡಿನದ್ದು, ಕಬ್ಬಿಣದ್ದು, ಕ್ಯಾಲ್ಸಿಯಂ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಪೂರ್ತಿ ಸೇರಲು ಬಿಡುವುದಿಲ್ಲ. ನಾಲ್ಕು ಗಂಟೆ ಅಂತರ ಬೇಕು. ಥೈರಾಯ್ಡಿನದ್ದು ಬರಿಹೊಟ್ಟೆಗೆ, ಬರೀ ನೀರಿನಲ್ಲಿ. ಇದನ್ನು ಹೇಳಲು ಎರಡು ನಿಮಿಷ ಸಾಕು. ಆಶಾ ಅಕ್ಕನಿಗೆ ಹೇಳಿಕೊಟ್ಟರೆ ಅವರೇ ಮನೆಮನೆಗೆ ಮುಟ್ಟಿಸುತ್ತಾರೆ. ಥೈರಾಯ್ಡಿಗೆ ಬೇಕಾದ ಅಯೋಡಿನ್ ಕೊಡುವ ಉಪ್ಪಿನ ಕತೆಯೂ ಹೀಗೆಯೇ. ಮಿಡಿ ಉಪ್ಪಿನಕಾಯಿಗೆ, ಉಪ್ಪುಸೊಳೆಗೆ ಕಲ್ಲುಪ್ಪು ಹಾಕುವವರು ಹಾಕಲಿ, ದಿನದ ಸಾರು-ಪಲ್ಯಕ್ಕೆ ಅಯೋಡಿನ್ ಉಪ್ಪು ಇರಲಿ. ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು.

ನನ್ನ ದೊಡ್ಡ ತಕರಾರು ಹೆರಿಗೆಯ ನಂತರದ್ದು. ತಾಯಿಯ ಅರ್ಧ ಅಂಕಿಗೆ ಉರುಟು ಗೆರೆ ಎಳೆಯುವ ವ್ಯವಸ್ಥೆ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ಟಿಎಸ್‌ಎಚ್ ನೋಡುವುದನ್ನು ಮರೆಯುತ್ತದೆ. ಹುಟ್ಟುವಾಗಲೇ ಥೈರಾಯ್ಡ್ ಕೊರತೆಯಿರುವ ಮಗು ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಸಾವಿರಕ್ಕೊಂದು. ತಾಯಿಯ ಟಿಎಸ್‌ಎಚ್ ಚೆನ್ನಾಗಿದ್ದರೂ ಹೀಗಾಗಬಹುದು. ಮಗು ನೋಡಲು ಗುಂಡುಗುಂಡಾಗಿರುತ್ತದೆ, ಹೆಚ್ಚು ಅಳುವುದಿಲ್ಲ, "ಪಾಪದ ಮಗು" ಎಂದು ಹೊಗಳಿಸಿಕೊಳ್ಳುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಎಲ್ಲ ಮಕ್ಕಳಂತೆ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಮೆದುಳಿಗಾದ ನಷ್ಟ ತುಂಬಿ ಬರುವುದಿಲ್ಲ. ಬುದ್ಧಿಗೆ ನಿಜವಾಗಿ ಪೆಟ್ಟು ಬೀಳುವುದು ಇಲ್ಲಿ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ಕಾಯಿಲೆ ಇದೆ, ಆದರೆ ಕೊನೆಯ ಸಾಲಿನಲ್ಲಿ, ಐಚ್ಛಿಕವಾಗಿ. ಜಾಲ್ಸೂರು ದಾಟಿದರೆ ಸಿಗುವ ಕೇರಳದಲ್ಲಿ ಸರಕಾರಿ ಹೆರಿಗೆ ಆಸ್ಪತ್ರೆಗಳೇ ಈ ರಕ್ತಪರೀಕ್ಷೆ ಮಾಡುತ್ತವೆ.

ಹುಟ್ಟಿದ ತಕ್ಷಣ ಮಗುವಿನ ಟಿಎಸ್‌ಎಚ್ ತಾನಾಗಿ ಏರಿರುತ್ತದೆ. ಹಾಗಾಗಿ ಹಿಮ್ಮಡಿಯ ರಕ್ತ ತೆಗೆಯಲು ಎರಡು ದಿನ ಕಳೆಯಬೇಕು. ಅಷ್ಟರೊಳಗೆ ಮನೆಗೆ ಹೊರಡುವ ಅವಸರ ಇದ್ದೇ ಇರುತ್ತದೆ, ಬಾಣಂತಿ ಕೋಣೆ ಸಜ್ಜಾಗಿರುತ್ತದೆ, ಜೀಪು ಬಂದು ನಿಂತಿರುತ್ತದೆ. ಆದರೂ ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮೊದಲು ಒಂದು ಮಾತು ಕೇಳಿ: ಮಗುವಿನ ಟಿಎಸ್‌ಎಚ್ ನೋಡಿದ್ದೀರಾ? ಇಲ್ಲವೆಂದರೆ ಯಾವತ್ತು ಕರೆತರಬೇಕೆಂದು ಆ ಚೀಟಿಯಲ್ಲೇ ಬರೆಸಿಕೊಳ್ಳಿ.