ನೀಲಿ ತಟ್ಟೆಯಲ್ಲಿ ದೆಹಲಿ

ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿದ್ದ ರೋಜರ್ಸ್ ಕಾರ್ಖಾನೆ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ತಯಾರಿಸಿದ ನೀಲಿ ಚಿತ್ರದ ತಟ್ಟೆಯೊಂದನ್ನು ಸಂಗ್ರಾಹಕರು ‘ಮೊನೊಪ್ಟೆರಾಸ್’ ಎನ್ನುತ್ತಾರೆ. ಗ್ರೀಕರ ದುಂಡು ಗುಡಿಯ ಹೆಸರದು. ಚಿತ್ರದಲ್ಲಿರುವುದೋ ದೆಹಲಿಯ ಫಿರೋಜ್ ಷಾ ಕೋಟ್ಲಾ ಬಳಿಯ ಪಾಳುಕಟ್ಟಡ! ಥಾಮಸ್ ಮತ್ತು ವಿಲಿಯಂ ಡೇನಿಯಲ್ 1795ರಿಂದ 1808ರವರೆಗೆ ಹೊರತಂದ ‘ಓರಿಯೆಂಟಲ್ ಸೀನರಿ’ಯ 144 ಚಿತ್ರಗಳಲ್ಲಿ ಒಂದನ್ನು ಕಾರ್ಖಾನೆಯವರು ಎತ್ತಿಕೊಂಡಿದ್ದರು. (ಮೂರನೇ ಮೈಸೂರು ಯುದ್ಧ ಮುಗಿದ ಹೊಸತರಲ್ಲಿ, 1792ರಲ್ಲಿ, ಬೆಂಗಳೂರಿನ ಕಡೆಗೂ ಬಂದು ಹೋದ ಕಲಾವಿದರು ಇವರೇ.)

ಇಂಥ ತಟ್ಟೆಗಳನ್ನು ಕೂಡಿಡುವ ಹವ್ಯಾಸ ಬ್ರಿಟನ್, ಅಮೆರಿಕಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಬಿರುಕಿಲ್ಲವೇ, ಅಂಚು ಮುಕ್ಕಾಗಿಲ್ಲವೇ, ನೀಲಿ ಕಡುವಾಗಿದೆಯೇ, ತಯಾರಕರ ಮುದ್ರೆ ಇದೆಯೇ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಕಟ್ಟಡ ಯಾವುದು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ನನ್ನ ತಕರಾರು ಇಲ್ಲಿಯೇ.

ಒಂದು ತಟ್ಟೆಯ ಅಂಚನ್ನು ಹತ್ತಿರದಿಂದ ನೋಡಿ. ಹೂಬಳ್ಳಿ ಎಲ್ಲೋ ಒಂದು ಕಡೆ ಕೂಡದೆ ತುಂಡಾಗಿರುತ್ತದೆ. ತಾಮ್ರದ ಹಲಗೆಯಲ್ಲಿ ಕೊರೆದ ಚಿತ್ರಕ್ಕೆ ಕೋಬಾಲ್ಟ್ ಬಣ್ಣ ಸವರಿ, ತೆಳುಕಾಗದಕ್ಕೆ ಇಳಿಸಿ, ಅದನ್ನು ಒಮ್ಮೆ ಸುಟ್ಟ ತಟ್ಟೆಗೆ ಅಂಟಿಸಿ ಹೆಂಗಸರು ಕುಂಚದಿಂದ ಬಲವಾಗಿ ಉಜ್ಜುತ್ತಿದ್ದರು. ಆಮೇಲೆ ಕಾಗದ ತೊಳೆದು, ಮೆರುಗು ಕೊಟ್ಟು, ಮತ್ತೆ ಸುಡುತ್ತಿದ್ದರು. ಹೂಬಳ್ಳಿ ತುಂಡಾದಲ್ಲಿ ಕಾಣುವ ಕಾಗದದ ಜೋಡಣೆಯ ಗೆರೆ ಕೆಲಸಗಾರ್ತಿಯ ಕೈಗುರುತು. ಅದನ್ನು ದೋಷವೆಂದು ಎಣಿಸುವ ಕಣ್ಣು ಆ ತಟ್ಟೆಯ ಅರ್ಧ ಚರಿತ್ರೆಯನ್ನೇ ಬಿಟ್ಟುಬಿಡುತ್ತದೆ.

ಅಮೆರಿಕದ ಗಿರಾಕಿಗಳಿಗೆಂದೇ ಮಾಡಿದ ರಿಡ್ಜ್‌ವೇ ಕಾರ್ಖಾನೆಯ ‘ಬ್ಯೂಟೀಸ್ ಆಫ್ ಅಮೆರಿಕ’ ಮಾಲಿಕೆ ನನಗೆ ಇನ್ನೂ ಹೆಚ್ಚು ಮೆಚ್ಚುಗೆ. ನ್ಯೂಯಾರ್ಕಿನ ಸಿಟಿ ಹಾಲ್ ಜೊತೆಗೆ ಬಾಸ್ಟನ್ನಿನ ಬಡವರ ಆಶ್ರಯಧಾಮ, ಹಾರ್ಟ್‌ಫರ್ಡಿನ ಕಿವುಡ-ಮೂಗರ ಶಾಲೆಯೂ ಅದರಲ್ಲಿವೆ. ಎಳೆಯ ದೇಶವೊಂದು ಯಾವುದರ ಬಗ್ಗೆ ಹೆಮ್ಮೆಪಡುತ್ತಿತ್ತು ಎಂಬುದು ಊಟದ ಮೇಜಿನ ಮೇಲೇ ತಿಳಿಯುತ್ತಿತ್ತು. ಹೆಸರನ್ನು ತಟ್ಟೆಯ ಬೆನ್ನಿಗೇ ಅಚ್ಚು ಹಾಕಿದ್ದರಿಂದ ಆ ಕಟ್ಟಡಗಳು ಅನಾಮಿಕವಾಗಲಿಲ್ಲ. ದೆಹಲಿಗೆ ಆ ಭಾಗ್ಯ ಸಿಗಲಿಲ್ಲ.

ಬ್ರಿಟನ್ನಿನಲ್ಲಿ ವಿನ್ಯಾಸಗಳ ಹಕ್ಕುಸ್ವಾಮ್ಯ ಕಾಯಿದೆ 1842ರಲ್ಲಿ ಬಂದ ಮೇಲೆ ಬೇರೆಯವರ ಚಿತ್ರ ಎತ್ತಿಕೊಳ್ಳುವುದು ಕಷ್ಟವಾಯಿತು, ಕಲ್ಪನೆಯ ಕೋಟೆಕೊತ್ತಲಗಳು ತಟ್ಟೆ ತುಂಬಿದವು. ಅವು ಚೆಂದವಿರಬಹುದು, ಸಾಕ್ಷಿಯಾಗಲಾರವು.

1973ರಲ್ಲಿ ಹುಟ್ಟಿದ ‘ಫ್ರೆಂಡ್ಸ್ ಆಫ್ ಬ್ಲೂ’ನಂಥ ಸಂಘಗಳ ಸದಸ್ಯರು ಮೂಲಚಿತ್ರಗಳನ್ನು ಹುಡುಕಿ ಹೊಂದಿಸುತ್ತ ಬಂದಿರುವುದು ಈ ಹವ್ಯಾಸದ ನಿಜವಾದ ಸಾಧನೆ. ತಟ್ಟೆ ಕೊಳ್ಳುವವರಲ್ಲಿ, ಪ್ರದರ್ಶಿಸುವ ಮ್ಯೂಸಿಯಮ್ಮುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮೂಲಚಿತ್ರದ ಪ್ರತಿಯನ್ನು ಪಕ್ಕದಲ್ಲಿಡಿ, ಕಟ್ಟಡ ಯಾವ ಊರಿನದೆಂದು ಬರೆಯಿರಿ.