ರಿವಾಲ್ವರೋ ಪಿಸ್ತೂಲೋ: ಮಯಾಮಿಯ ಅರೆಬರೆ ಪಾಠ

1986ರ ಏಪ್ರಿಲ್ 11ರಂದು ಮಯಾಮಿಯ ಹೊರವಲಯದಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಎಂಟು ಮಂದಿ ಎಫ್‌ಬಿಐ ಏಜೆಂಟರು ಅಡ್ಡಗಟ್ಟಿದರು. ಐದು ನಿಮಿಷವೂ ಹಿಡಿಯದ ಆ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಅಮೆರಿಕದ ಪೊಲೀಸರು ರಿವಾಲ್ವರ್ ಬಿಟ್ಟು ಅರೆ-ಸ್ವಯಂಚಾಲಿತ ಪಿಸ್ತೂಲು ಹಿಡಿಯಬೇಕಾಯಿತೇಕೆ ಎಂದು ಕೇಳಿದರೆ ಇಂದಿಗೂ ಮೊದಲು ಸಿಗುವ ಉತ್ತರ ಇದೇ. ತೀರ್ಮಾನವೇನೋ ಸರಿ. ಅದಕ್ಕೆ ಕೊಡುವ ಕಾರಣ ಮಾತ್ರ ಅರೆಬರೆ.

ಎಲ್ಲರೂ ಗುಂಡು ಎಣಿಸುತ್ತಾರೆ: ರಿವಾಲ್ವರಿನಲ್ಲಿ 6, ಗ್ಲಾಕ್ 17 ಪಿಸ್ತೂಲಿನಲ್ಲಿ 17. ನೋಡಬೇಕಾದದ್ದು ಆ ಬೀದಿಯಲ್ಲಿದ್ದವರ ಕೈಗಳನ್ನು. ಒಬ್ಬ ಏಜೆಂಟ್ ರಿವಾಲ್ವರಿಗೆ ಗುಂಡು ತುಂಬುತ್ತಿದ್ದಾಗಲೇ ಕೈಗೆ ಏಟು ಬಿತ್ತು. ಇನ್ನೊಬ್ಬರ ಕೈ ಮೊದಲೇ ಗಾಯಗೊಂಡಿತ್ತು. ತುಂಬಲು ಹೋದರೆ ಆಗಲಿಲ್ಲ. ಸಿಲಿಂಡರ್ ಹೊರಗೆ ಸರಿಸಿ, ಕಡ್ಡಿ ಒತ್ತಿ ಖಾಲಿ ತೋಟಾಗಳನ್ನು ಬೀಳಿಸಿ, ಆರು ಕುಳಿಗಳಿಗೂ ಹೊಸದನ್ನು ಕೂರಿಸಿ ಮುಚ್ಚಬೇಕು. ಇದಕ್ಕೆ ಎರಡೂ ಕೈ ನೆಟ್ಟಗಿರಬೇಕು, ಬೆರಳು ನಡುಗಬಾರದು. ಪಿಸ್ತೂಲಿನಲ್ಲಾದರೆ ಗುಂಡಿ ಒತ್ತಿದರೆ ಮ್ಯಾಗಜಿನ್ ಕೆಳಗೆ ಬೀಳುತ್ತದೆ, ಇನ್ನೊಂದನ್ನು ತಳ್ಳಿದರಾಯಿತು. ಕರ್ತವ್ಯದ ಮೇಲಿರುವವರಿಗೆ ಪಿಸ್ತೂಲೇ ಸರಿ ಎನ್ನಲು ನನಗೆ ಇಷ್ಟು ಸಾಕು.

ಎಫ್‌ಬಿಐ ಹೆಚ್ಚಾಗಿ ದೂರಿದ್ದು ಗುಂಡನ್ನು. ಏಜೆಂಟರೊಬ್ಬರ 9 ಎಂಎಂ ಗುಂಡು ದರೋಡೆಕೋರನ ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು, ನಿಜ. ಅಲ್ಲಿಂದ 10 ಎಂಎಂ, ಆಮೇಲೆ .40, ಸುಮಾರು ಮೂವತ್ತು ವರ್ಷ ಸುತ್ತಾಡಿ ಮತ್ತೆ 9 ಎಂಎಂಗೇ ವಾಪಸ್. ಆದರೆ ಆ ದಿನದ ಕಾಳಗವನ್ನು ಮುಗಿಸಿದ್ದು ಎಡಗೈ ಮುರಿದಿದ್ದ ಏಜೆಂಟ್ ಎಡ್ಮಂಡೊ ಮಿರೆಲೆಸ್. ಒಂದೇ ಕೈಯಲ್ಲಿ ಶಾಟ್‌ಗನ್ ಹಾರಿಸಿ, ಬಳಿಕ ದರೋಡೆಕೋರರಿದ್ದ ಕಾರಿನ ಹತ್ತಿರಕ್ಕೇ ನಡೆದುಹೋಗಿ ಇಬ್ಬರನ್ನೂ ಹೊಡೆದರು. ಹೊಡೆದದ್ದು ರಿವಾಲ್ವರಿನಿಂದಲೇ.

ದಿನನಿತ್ಯ ಜೇಬಿನಲ್ಲೋ ಸೊಂಟದಲ್ಲೋ ಇಟ್ಟುಕೊಳ್ಳುವವರ ವಿಷಯ ಬೇರೆ. ಇಲ್ಲಿ ರಿವಾಲ್ವರಿಗೆ ನಿಜವಾದ ಗುಣಗಳಿವೆ. ಒಂದು ಗುಂಡು ಹಾರದಿದ್ದರೆ ಟ್ರಿಗರ್ ಮತ್ತೊಮ್ಮೆ ಎಳೆದರೆ ಮುಂದಿನದು ಸಿದ್ಧ. ಮೈಮೇಲೆ ಬಿದ್ದವನಿಗೆ ಒತ್ತಿಹಿಡಿದರೂ ಅದು ಹಾರುತ್ತದೆ. ಹಾಗೆ ಒತ್ತಿದರೆ ಪಿಸ್ತೂಲಿನ ಸ್ಲೈಡ್ ಹಿಂದೆ ಸರಿದು ಕೈಕೊಡಬಹುದು. ಆದರೆ ಇದನ್ನೇ ಹಿಡಿದು 'ಹೊಸಬರಿಗೆ ಸಣ್ಣ ರಿವಾಲ್ವರೇ ಒಳ್ಳೆಯದು' ಎಂದು ಅಂಗಡಿಯವರು ಕೊಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದರ ನಳಿಗೆ ಗಿಡ್ಡ, ಗುರಿ ನೋಡುವ ಮೊನೆ ಚಿಕ್ಕದು, ಟ್ರಿಗರ್ ಎಳೆಯಲು ಐದು ಕಿಲೋದಷ್ಟು ಬಲ ಬೇಕು. ಅಷ್ಟು ಎಳೆಯುವಷ್ಟರಲ್ಲಿ ಗುರಿ ಪಕ್ಕಕ್ಕೆ ಸರಿದಿರುತ್ತದೆ. ಉಪಯೋಗಿಸುವ ಬಗೆ ಸುಲಭ, ತಗುಲಿಸುವುದು ಕಷ್ಟ. ಪಳಗಿದ ಕೈಗೆ ಮಾತ್ರ ಒಗ್ಗುವ ಆಯುಧ ಅದು.

ನಮ್ಮ ಭಾರತದಲ್ಲಿ 9 ಎಂಎಂ ಸಾಮಾನ್ಯರಿಗೆ ನಿಷಿದ್ಧ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಣ್ಣುಮಕ್ಕಳ ರಕ್ಷಣೆಗೆಂದು 'ನಿರ್ಭೀಕ್' ಎಂಬ .32 ರಿವಾಲ್ವರ್ ತಂದಿತು. ತೂಕ ಅರ್ಧ ಕಿಲೋ, ಕೈಚೀಲದಲ್ಲಿ ಹಿಡಿಸುತ್ತದೆ ಎಂಬುದೇ ಅದರ ಹೆಗ್ಗಳಿಕೆ. ತೂಕ ಇಳಿದಷ್ಟೂ ಒದೆತ ಜೋರಾಗುತ್ತದೆ, ಒದೆತ ಜೋರಾದಷ್ಟೂ ಅಭ್ಯಾಸ ಬೇಕಾಗುತ್ತದೆ. ಇಲ್ಲಿನ ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ಗುಂಡು ಎಂದು ಬರೆದಿರುತ್ತದೆ. ಹಾರಿಸಿ ಕಲಿಯಲು ಹತ್ತಿರದಲ್ಲಿ ರೇಂಜ್ ಸಿಗುವುದೂ ಅಪರೂಪ. ಅಭ್ಯಾಸಕ್ಕೆ ಅವಕಾಶವೇ ಸಿಗದ ಹೆಣ್ಣುಮಗಳ ಕೈಗೆ ಲಕ್ಷಕ್ಕೂ ಮೀರಿದ ಬೆಲೆಯ ಈ ಆಯುಧವನ್ನು ಕೊಟ್ಟು, ಇನ್ನು ನೀನು ಸುರಕ್ಷಿತ ಎಂದು ನಂಬಿಸುವುದು ಅನ್ಯಾಯ.