‘ಕಿತ್ತೂರು ಚೆನ್ನಮ್ಮ’ ಚಿತ್ರವೂ ಕಾಡಿನ ಯುದ್ಧವೂ

ಬೆಂಗಳೂರಿನಿಂದ ಯಶವಂತಪುರದ ಮಾರ್ಗವಾಗಿ ಬೆಳಗಾವಿಯ ಕಡೆಗೆ ಹೋಗುವ ರೈಲೊಂದಕ್ಕೆ ರಾಣಿ ಚೆನ್ನಮ್ಮನ ಹೆಸರಿದೆ. ಅದು ಹೊರಡುವ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು. ರೈಲ್ವೆಯವರು ಸುಲಭವಾಗಿ ಕೂಡಿಸಿದ ಈ ಇಬ್ಬರನ್ನು ಒಂದೇ ಕಥೆಯಲ್ಲಿ ಸಮತೂಕವಾಗಿ ನಿಲ್ಲಿಸುವುದು ಚಿತ್ರಕಾರರಿಗೆ ಅಷ್ಟು ಸುಲಭವಲ್ಲ. ಬಿ. ಆರ್. ಪಂತುಲು ಅವರು 1961ರಲ್ಲಿ ತೆಗೆದ ‘ಕಿತ್ತೂರು ಚೆನ್ನಮ್ಮ’ವನ್ನು ನೋಡಿದವರಿಗೆ ಇದರ ಕಾರಣವು ಹೊಳೆಯದಿರದು.

ಪಂತುಲು ಅವರು 1936ರ ‘ಸಂಸಾರ ನೌಕೆ’ಯಲ್ಲಿ ನಟಿಸಿದವರು, 1959ರಲ್ಲಿ ತಮಿಳಿನಲ್ಲಿ ಕಟ್ಟಬೊಮ್ಮನ ಕಥೆಯನ್ನು ಚಿತ್ರಿಸಿ ಕೈಪಳಗಿದವರು. ಕಪ್ಪವನ್ನು ಕೇಳುವ ದೊರೆತನ, ಕೊಡೆನೆನ್ನುವ ಸಂಸ್ಥಾನ, ತುಂಬಿದ ಓಲಗದಲ್ಲಿ ಸವಾಲು ಜವಾಬು: ಇವೆಲ್ಲ ನಾಟಕಶಾಲೆಯ ಸಾಮಗ್ರಿ. ಬಿ. ಸರೋಜಾದೇವಿಯವರ ಚೆನ್ನಮ್ಮ ಗೆಲ್ಲುವುದೂ ಇಲ್ಲಿಯೇ. ಮಲ್ಲಸರ್ಜನ ಪಾತ್ರದಲ್ಲಿ ರಾಜಕುಮಾರ್ ಅವರದು ಒಪ್ಪುವ ಜೊತೆ. ಯುದ್ಧಚಿತ್ರದಲ್ಲಿ ಅಕ್ಕಮಹಾದೇವಿಯ ವಚನವನ್ನು ಪಿ. ಸುಶೀಲಾ ಅವರಿಂದ ಹಾಡಿಸಿದುದು ಮೊದಲಿಗೆ ವಿಚಿತ್ರವೆನಿಸಿದರೂ, ಕತ್ತಿಯ ಸದ್ದಿಗಿಂತ ಅದೇ ಹೆಚ್ಚು ಕಾಲ ಕಿವಿಯಲ್ಲಿ ನಿಲ್ಲುತ್ತದೆ. 1824ನೆಯ ಅಕ್ಟೋಬರ್ 23ರಂದು ಥ್ಯಾಕರೆಯು ಕಿತ್ತೂರಿನಲ್ಲಿ ಮಡಿದನಷ್ಟೆ; ಕೋಟೆ, ಹೆಬ್ಬಾಗಿಲು, ಸೇನೆ, ರಾಣಿ, ಹೀಗೆ ಆ ದಿನದ ಇತಿಹಾಸವೇ ರಂಗಕ್ಕೆ ಅಣಿಯಾಗಿ ಬಂದಂತಿದೆ.

ರಾಯಣ್ಣನ ಯುದ್ಧದ ಬಗೆಯೇ ಬೇರೆ. ಅವನು ಶೇತಸನದಿ, ಎಂದರೆ ಊರ ಕಾವಲಿನ ಸೇವೆಗಾಗಿ ಭೂಮಿಯನ್ನು ಪಡೆದ ಮನೆತನದವನು. ಆ ಭೂಮಿಯ ಮೇಲೆ ಕಂಪನಿ ಸರ್ಕಾರವು ಕೈಯಿಟ್ಟಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ನೆಯ ಫೆಬ್ರವರಿ 2ರಂದು ತೀರಿಕೊಂಡಳು. ರಾಯಣ್ಣನ ಬಂಡಾಯವು ಬಿಸಿಯೇರಿದುದು ಅನಂತರ. ನಾಯಿಕೆಯ ಹೆಸರನ್ನೇ ಹೊತ್ತ ಚಿತ್ರಕ್ಕೆ ಇದಕ್ಕಿಂತ ದೊಡ್ಡ ತೊಡಕುಂಟೆ? ಸಿಂಹಾಸನವು ಬರಿದಾದ ಮೇಲೆ ಯುದ್ಧವು ಗೌಡರ ಮನೆ, ಒಕ್ಕಲಿಗರ ಕಣಜ, ಖಾನಾಪುರದ ಕಾಡುಗಳನ್ನು ಸೇರಿತು. 1830ರಲ್ಲಿ ಬೀಡಿಯ ಕಚೇರಿಗೆ ಬೆಂಕಿಯಿಟ್ಟವರಿಗೆ ಓಲಗವಿರಲಿಲ್ಲ, ಸಂಭಾಷಣೆಯೂ ಬೇಕಿರಲಿಲ್ಲ. ಗೆರಿಲ್ಲಾ ಕಾಳಗವನ್ನು ತೋರಿಸಬೇಕಾದರೆ ರಾತ್ರಿ ರೊಟ್ಟಿ ಕೊಟ್ಟ ಕೈಯನ್ನೂ, ಮರುದಿನ ಸುಳಿವು ಕೊಟ್ಟ ಬಾಯನ್ನೂ ತೋರಿಸಬೇಕು. ರಾಯಣ್ಣನು ಸಿಕ್ಕಿದುದು ನಂಬಿಕೆದ್ರೋಹದಿಂದಲೇ ಅಲ್ಲವೆ?

1967ರಲ್ಲಿ ರಾಯಣ್ಣನ ಹೆಸರಿನಲ್ಲಿಯೇ ಒಂದು ಚಿತ್ರವು ಬಂದಿತು. ಜನರು ಇಂದಿಗೂ ಅದನ್ನು ನೆನೆಯುವುದು ಬಹುಮಟ್ಟಿಗೆ ಲತಾ ಮಂಗೇಶ್ಕರ್ ಅವರು ಹಾಡಿದ ಕನ್ನಡ ಹಾಡುಗಳಿಗಾಗಿ. ಬೀಡಿಯ ಬೆಂಕಿಗಾಗಿ ಅಲ್ಲ.